ಕೊಡಗಿನ ಆಚಾರ ಮತ್ತು ಅದರ ನಿರ್ಣಯಾಧಿಕಾರ

ಒಂದು ಜನಾಂಗದ ಪಾಲಿಗೆ ಆಚಾರ ಯಾವುದು, ಅನಾಚಾರ ಯಾವುದು ಎಂಬುದನ್ನು ನಿರ್ಣಯಿಸುವ ಅಧಿಕಾರ ಯಾರದು? ಆಳುವ ಅರಸನದೋ, ಹೊರಗಿನಿಂದ ಬಂದು ಕಂಡು ಬರೆದ ವಿದ್ವಾಂಸನದೋ, ಆ ಆಚಾರವನ್ನೇ ಬಾಳಿದ ಜನರದೋ? ಕೊಡಗಿನ ಇತಿಹಾಸದಲ್ಲಿ ಈ ಮೂವರೂ ಒಬ್ಬರಾದ ಮೇಲೊಬ್ಬರು ಆ ಪೀಠವನ್ನು ಏರಿದ್ದಾರೆ.

ಹದಿನೇಳನೆಯ ಶತಮಾನದ ಆದಿಭಾಗದಿಂದ 1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ಅವರ ಪ್ರಜೆಗಳಲ್ಲಿ ಪ್ರಬಲರಾದ ಕೊಡವರಾದರೋ ಐನ್‌ಮನೆಯ ದೀಪದೆದುರು ಕುಲದ ಕಾರಣರನ್ನು ನೆನೆಯುವವರು. ಬೇಟೆ, ಮಾಂಸ, ಮದ್ಯಗಳನ್ನು ಹಬ್ಬದ ಅಂಗವೆಂದು ಭಾವಿಸುವವರು. ಅವರ ವಿವಾಹಕ್ಕೆ ಪುರೋಹಿತನ ಮಂತ್ರಕ್ಕಿಂತ ಹಿರಿಯರ ಅಕ್ಷತೆಯೇ ಪ್ರಮಾಣ. ಲಿಂಗಧಾರಿಗಳಾದ ಅರಸರ ಆಚಾರಕ್ಕೆ ಇವೆಲ್ಲ ದೂರವಾದವು. ಆದರೂ ಎರಡು ಶತಮಾನಗಳ ಆಳ್ವಿಕೆಯಲ್ಲಿ ಅವು ಅಳಿಯಲಿಲ್ಲ. ಇದನ್ನು ಕೇವಲ ಔದಾರ್ಯವೆಂದು ಬಗೆಯಬೇಕಾಗಿಲ್ಲ. ಕೊಡವ ಯೋಧರ ಬೆಂಬಲವಿಲ್ಲದೆ ಆ ಸಿಂಹಾಸನ ನಿಲ್ಲುವಂತಿರಲಿಲ್ಲ. ದೊಡ್ಡ ವೀರರಾಜೇಂದ್ರನು ಬರೆಯಿಸಿದ 'ರಾಜೇಂದ್ರನಾಮೆ'ಯಾದರೂ ಅರಸುಮನೆತನದ ಚರಿತ್ರೆಯೇ ಹೊರತು ಪ್ರಜೆಗಳ ಆಚಾರಸಂಹಿತೆಯಲ್ಲ.

1834ರಲ್ಲಿ ಆಂಗ್ಲರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಕೊಡಗನ್ನು ಕಂಪನಿಯ ಆಡಳಿತಕ್ಕೆ ತೆಗೆದುಕೊಂಡೆವೆಂದು ಕರ್ನಲ್ ಫ್ರೇಸರನ ಘೋಷಣೆ ಸಾರಿತು. ಅರಸನ ಕ್ರೌರ್ಯದಿಂದ ನೊಂದವರು ನಾಡಿನಲ್ಲಿದ್ದುದು ನಿಜ. ಅವನ ನಡತೆಯನ್ನು ಖಂಡಿಸಲು ಅವರಿಗೆ ಪರದೇಶದ ನೀತಿಶಾಸ್ತ್ರ ಬೇಕಾಗಿರಲಿಲ್ಲ. ಆದರೆ ಕೆಲವು ಮುಖಂಡರ ಮಾತು ಸಮಸ್ತ ಜನರ ಮಾತಾಯಿತೇ? ಮೂರೇ ವರ್ಷಗಳಲ್ಲಿ, 1837ರಲ್ಲಿ, ಅದೇ ಅರಸುಮನೆತನದ ಹೆಸರಿನಲ್ಲಿ ಎದ್ದ ರೈತರ ದಂಡು ಮಂಗಳೂರಿನವರೆಗೆ ಸಾಗಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. 'ಒಮ್ಮತ'ದ ಬೆಲೆ ಅಲ್ಲಿಯೇ ತಿಳಿಯಿತು.

ಅನಂತರ ಲೇಖನಿಯ ಕಾಲ ಬಂದಿತು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1855ರಲ್ಲಿಯೂ ರಿಕ್ಟರ್ 1870ರಲ್ಲಿಯೂ ಕೊಡಗನ್ನು ಕುರಿತ ಆಂಗ್ಲ ಗ್ರಂಥಗಳನ್ನು ಪ್ರಕಟಿಸಿದರು. ಅವರ ಶ್ರಮ ಸ್ಮರಣೀಯ. ಇಂದಿಗೂ ಸಂಶೋಧಕರು ಆ ಪುಟಗಳನ್ನು ಬಿಡಲಾರರು. ಆದರೆ ಕ್ರೈಸ್ತಧರ್ಮದ ಪ್ರಚಾರಕ್ಕಾಗಿ ಬಂದವರಿಗೆ ಭೂತಾರಾಧನೆಯು ಆರಾಧನೆಯಾಗಿ ತೋರುವುದಕ್ಕಿಂತ ಮೌಢ್ಯವಾಗಿ ತೋರುವುದೇ ಸುಲಭ. ಕಂಡದ್ದು ಸತ್ಯವಾದರೂ ತೂಗಿದ ತಕ್ಕಡಿ ಪರಕೀಯವಾಗಿತ್ತು.

ಈ ಕೊರತೆಯನ್ನು ತುಂಬಿದವರು ನಡಿಕೇರಿಯಂಡ ಚಿಣ್ಣಪ್ಪನವರು. ದುಡಿಯ ತಾಳಕ್ಕೆ ಹಿರಿಯರು ಹಾಡುತ್ತಿದ್ದ ಪದಗಳನ್ನೂ ಹುಟ್ಟು, ಮದುವೆ, ಸಾವು, ಹಬ್ಬಗಳ ಪದ್ಧತಿಗಳನ್ನೂ ಸಂಗ್ರಹಿಸಿ, ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ಜನಾಂಗವು ತನ್ನ ನಡೆಯನ್ನು ತನ್ನ ನುಡಿಯಲ್ಲಿಯೇ ಹೇಳಿಕೊಂಡಿತು. ಮುಂದೆ 1952ರಲ್ಲಿ ಎಂ. ಎನ್. ಶ್ರೀನಿವಾಸರು ಕೊಡವರನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ 'ಸಂಸ್ಕೃತೀಕರಣ'ದ ಸಿದ್ಧಾಂತವನ್ನು ಮಂಡಿಸಿದರು. ಆಚಾರವು ಶಿಲೆಯಲ್ಲ, ನೆರೆಹೊರೆಯ ಪ್ರಭಾವದಿಂದ ಮಾರ್ಪಡುವ ವಸ್ತು ಎಂಬುದು ಅದರಿಂದ ಮನದಟ್ಟಾಯಿತು.

ಹಾಗಾದರೆ ಒಳಗಿನವರ ಮಾತೇ ಅಂತಿಮವೆನ್ನಬಹುದೇ? ಇಲ್ಲಿಯೂ ಎಚ್ಚರ ಅಗತ್ಯ. 'ಒಳಗಿನವರು' ಎಂದರೆ ಯಾರು? ಅರಸರ ಕಾಲದ ಕೊಡಗಿನಲ್ಲಿ ಜಮ್ಮಾ ಭೂಮಿಯೊಡನೆ ಪರಂಪರೆಯಾಗಿ ಬಂಧಿತರಾದ ಆಳುಗಳೂ ಇದ್ದರು. ಅವರ ದಾಸ್ಯವೂ ನಾಡಿನ ಪದ್ಧತಿಯೇ ಆಗಿತ್ತು. ಒಡೆಯನನ್ನು ಕೇಳಿದರೆ ಅದು ಪೂರ್ವಿಕರ ಕಟ್ಟಳೆ. ಆಳನ್ನು ಕೇಳುವ ಗೋಜಿಗೆ ಹೋದವರು ವಿರಳ. ಪದ್ಧತಿಯ ಫಲವುಂಡವನ ಸಾಕ್ಷ್ಯದಷ್ಟೇ ಅದರ ಭಾರ ಹೊತ್ತವನ ಸಾಕ್ಷ್ಯವೂ ಪ್ರಮಾಣವಾಗಬೇಕು.

ಪರರ ಆಚಾರವನ್ನು ಪರಕೀಯ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಸರಿಯಾದುದು. ಆದರೆ ಆ ವಿವೇಕವು ಮನೆಯ ಯಜಮಾನನ ಮಾತನ್ನೇ ಮನೆಯ ಮಾತೆಂದು ಒಪ್ಪಿ ಸುಮ್ಮನಾದರೆ, ಫ್ರೇಸರನ 'ಒಮ್ಮತ'ವೇ ಮತ್ತೊಂದು ವೇಷದಲ್ಲಿ ಮರಳಿದಂತಾಗುತ್ತದೆ. ಐನ್‌ಮನೆಯ ಜಗಲಿಯಲ್ಲಿ ಕುಳಿತವನನ್ನು ಕೇಳಿದಂತೆಯೇ ಅಂಗಳದಲ್ಲಿ ನಿಂತವನನ್ನೂ ಕೇಳಿದಾಗ ಮಾತ್ರ ನಾಡಿನ ಆಚಾರವು ನಾಡಿನದೆನಿಸೀತು.