ಅಗೆಯುವ ಮೊದಲೇ ಮಾರಾಟವಾದ ಚಿನ್ನ

ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ದಿನವೂ ಓಡಾಡುವವರು ಸಾವಿರಾರು. ಆ ಹೆಸರಿನ ಹಿಂದೆ ಗಣಿ ವ್ಯಾಪಾರದ ಒಂದು ಕಥೆಯಿದೆ ಎಂದು ತಿಳಿದವರು ಕಡಿಮೆ. ಐರ್ಲೆಂಡ್ ಮೂಲದ ಸೈನಿಕ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ನ್ಯೂಜಿಲೆಂಡಿನ ಮಾವೋರಿ ಯುದ್ಧಗಳಲ್ಲಿ ಹೋರಾಡಿ, ನಿವೃತ್ತಿಯ ನಂತರ ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಸಿದವನು. ಕೋಲಾರದ ಚಿನ್ನವನ್ನು ಲಂಡನ್ನಿನ ಹಣದ ಪೇಟೆಯವರೆಗೆ ಮುಟ್ಟಿಸಿದ ಸರಪಳಿಯ ಮೊದಲ ಕೊಂಡಿ ಈತ.

ಈ ಚಿನ್ನದ ಸುದ್ದಿ ಹೊಸದೇನಾಗಿರಲಿಲ್ಲ. 1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದಿದ್ದ. ಎಪ್ಪತ್ತು ವರ್ಷಗಳ ನಂತರ ಲ್ಯಾವೆಲ್ ಆ ವರದಿಯನ್ನು ಓದಿ, ಎತ್ತಿನ ಗಾಡಿ ಹೂಡಿಸಿಕೊಂಡು ಕೋಲಾರದತ್ತ ಹೊರಟ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1873ರಲ್ಲಿ ಆತ ಸರ್ಕಾರಕ್ಕೆ ಅರ್ಜಿ ಹಾಕಿದ. ಗೆದ್ದರೆ ಸರ್ಕಾರಕ್ಕೂ ಲಾಭ, ಸೋತರೆ ನಷ್ಟ ತನ್ನೊಬ್ಬನದೇ ಎಂಬುದು ಅವನ ವಾದ. 1875ರಲ್ಲಿ ಪರವಾನಗಿ ಕೈಸೇರಿತು.

ಆದರೆ ಬೆಣಚುಕಲ್ಲಿನ ಬಂಡೆಯನ್ನು ಸೀಳಿ ಆಳಕ್ಕಿಳಿಯಲು ಬೇಕಾದ ಹಣ ಅವನಲ್ಲಿರಲಿಲ್ಲ. ಎರಡೇ ವರ್ಷಗಳಲ್ಲಿ ಆ ಹಕ್ಕು ಮದ್ರಾಸಿನ ಸೇನಾಧಿಕಾರಿ ಬೆರೆಸ್‌ಫರ್ಡ್ ಮತ್ತು ಸಂಗಡಿಗರ ಪಾಲಾಯಿತು. ಅವರಿಂದ ಅದು ತುಂಡುತುಂಡಾಗಿ ಲಂಡನ್ನಿನಲ್ಲಿ ಹುಟ್ಟಿಕೊಂಡ ಕಂಪನಿಗಳಿಗೆ ಹೋಯಿತು.

ಗಣಿ ವ್ಯಾಪಾರದ ಮರ್ಮ ಇರುವುದು ಈ ಕೈಬದಲಾವಣೆಯಲ್ಲೇ. ಮೊದಲಿಗನು ಸರ್ಕಾರದಿಂದ ಹಕ್ಕು ಪಡೆಯುತ್ತಾನೆ. ಹಣವಂತರ ಒಂದು ಕೂಟ ಅದನ್ನು ಕೊಳ್ಳುತ್ತದೆ. ಆ ಕೂಟ ತಜ್ಞನೊಬ್ಬನಿಂದ ವರದಿ ಬರೆಸಿ, ವಿವರಣಪತ್ರ ಅಚ್ಚು ಹಾಕಿಸಿ, ಕಂಪನಿಗೆ ಮಾರುತ್ತದೆ. ಬೆಲೆಯಾಗಿ ನಗದನ್ನೂ ಷೇರುಗಳನ್ನೂ ಪಡೆಯುತ್ತದೆ. ಕೊನೆಗೆ ಷೇರು ಕೊಳ್ಳುವವನು ಗಣಿಯನ್ನೇ ಕಾಣದ ಸಾಮಾನ್ಯ ಮನುಷ್ಯ. ಅವನಿಗಿಂತ ಮುಂಚಿನವರು ಒಂದು ಗುಂಜಿ ಚಿನ್ನ ಬರುವ ಮೊದಲೇ ಲಾಭ ಎಣಿಸಿಕೊಂಡಿರುತ್ತಾರೆ. ನೆಲ ಬರಿದೆಂದು ತಿಳಿದಾಗ ನಷ್ಟವನ್ನು ಹೊರುವವನು ಕೊನೆಯವನೇ.

ಇದು ಎಷ್ಟು ಅಪಾಯಕಾರಿ ಎಂಬುದಕ್ಕೆ ಅದೇ ಕಾಲದ ವೈನಾಡು ಸಾಕ್ಷಿ. ಇಂದು ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಸೇರಿರುವ ದೇವಾಲ, ಪಂದಲೂರು ಸುತ್ತಲೂ ಹಳೆಯ ಗುಂಡಿಗಳಿದ್ದವು. ಚಿನ್ನದ ಕುರುಹೂ ಇತ್ತು. ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ ಗಣಿ ಅನುಭವ ಪಡೆದಿದ್ದ ಬ್ರೌ ಸ್ಮಿತ್ ಸರ್ಕಾರಕ್ಕೆ ಆಶಾದಾಯಕ ವರದಿ ಕೊಟ್ಟ. 1880-81ರಲ್ಲಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ತಲೆಯೆತ್ತಿದವು. ರೋಗದಿಂದ ಸೊರಗಿದ್ದ ಕಾಫಿ ತೋಟಗಳು ಚಿನ್ನದ ನೆಲವೆಂದು ಭಾರೀ ಬೆಲೆಗೆ ಮಾರಾಟವಾದವು. ಜಮೀನಿಗೂ ಯಂತ್ರಗಳಿಗೂ ನೀರಿನಂತೆ ಹಣ ಸುರಿಯಿತು. ಅದಿರನ್ನು ಅರೆದು ನೋಡಿದಾಗ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಬಾಗಿಲು ಹಾಕಿದವು. ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ಕೋಲಾರದ ಗತಿಯೂ ಹೆಚ್ಚುಕಡಿಮೆ ಅದೇ ಆಗುವುದರಲ್ಲಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಕಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಬಂಡವಾಳ ಮೂರ್ನಾಲ್ಕು ವರ್ಷಗಳಲ್ಲಿ ಬಹುತೇಕ ಕರಗಿತು. ಉಳಿದಷ್ಟನ್ನು ಹಂಚಿಕೊಂಡು ಕೈತೊಳೆದುಕೊಳ್ಳೋಣ ಎಂಬ ಮಾತು ಷೇರುದಾರರಲ್ಲಿ ಎದ್ದಿತ್ತು. ಕೊನೆಯ ಪ್ರಯತ್ನವೆಂದು ಬಂದ ಕ್ಯಾಪ್ಟನ್ ಪ್ಲಮ್ಮರ್, ಹಿಂದಿನವರು ತೋಡಿ ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಅಲ್ಲಿ ಸಿಕ್ಕಿದ್ದೇ ಮುಂದೆ ಚಾಂಪಿಯನ್ ಲೋಡ್ ಎಂದು ಹೆಸರಾದ ಚಿನ್ನದ ಎಳೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಸುರಂಗಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದವು. ಹೊರಬಂದ ಚಿನ್ನ ಸುಮಾರು 800 ಟನ್.

ಎರಡೂ ಕಡೆ ಹಳೆಯ ಗುಂಡಿಗಳಿದ್ದವು, ಎರಡೂ ಕಡೆಯ ವಿವರಣಪತ್ರಗಳಲ್ಲಿ ಭರವಸೆಯಿತ್ತು. ಒಂದು ಉಳಿಯಿತು, ಇನ್ನೊಂದು ಮುಳುಗಿತು. ಷೇರು ಕೊಳ್ಳುವವನಿಗೆ ಕಾಗದ ನೋಡಿ ಈ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ.

ಶತಮಾನ ಕಳೆದರೂ ಆ ಕಷ್ಟ ತೀರಲಿಲ್ಲ. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆ ಎಂದು ಸಾರಿದ ಕೆನಡಾದ ಬ್ರೆ-ಎಕ್ಸ್ ಕಂಪನಿಯ ಷೇರುಗಳ ಮೌಲ್ಯ ನೂರಾರು ಕೋಟಿ ಡಾಲರಿಗೇರಿತ್ತು. ಪರೀಕ್ಷೆಗೆ ಕಳಿಸಿದ ಕಲ್ಲಿನ ಪುಡಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತು ಎಂಬುದು 1997ರಲ್ಲಿ ಸ್ವತಂತ್ರ ತಪಾಸಣೆಯಿಂದ ಬಯಲಾಯಿತು. ವೈನಾಡಿನಲ್ಲಿ ನಡೆದದ್ದು ಅತಿಯಾಸೆಯ ಆಟ. ಬುಸಾಂಗ್‌ನದು ಶುದ್ಧ ಮೋಸ. ಅರ್ಹತೆಯುಳ್ಳ ತಜ್ಞನೊಬ್ಬ ಹೊಣೆ ಹೊತ್ತು ಸಹಿ ಹಾಕಿದ ವರದಿಯ ಆಧಾರವಿಲ್ಲದೆ ಕಂಪನಿಗಳು ನಿಕ್ಷೇಪದ ಲೆಕ್ಕ ಪ್ರಕಟಿಸಬಾರದೆಂದು ಕೆನಡಾ 2001ರಲ್ಲಿ ನಿಯಮ ತಂದಿತು.

ಆ ವರ್ಷವೇ ಬೀಗ ಬಿದ್ದ ಕೋಲಾರದಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಕೆಲಸ ಕಳೆದುಕೊಂಡ ಕುಟುಂಬಗಳು. ಲಾಭಾಂಶ ಎಣಿಸಿದವರ ಹೆಸರು ಕಂಪನಿಗಳ ದಾಖಲೆಗಳಲ್ಲಿದೆ, ಲ್ಯಾವೆಲ್‌ನ ಹೆಸರು ರಸ್ತೆಯ ಫಲಕದಲ್ಲಿದೆ. ಪ್ಲಮ್ಮರ್‌ಗೆ ದಾರಿ ತೋರಿದ ಗುಂಡಿಗಳನ್ನು ತೋಡಿದವರು ಯಾರೆಂಬುದು ಯಾವ ವಿವರಣಪತ್ರದಲ್ಲೂ ಅಚ್ಚಾಗಲಿಲ್ಲ.