ಕಲ್ಲಿನಿಂದ ಹಾರ್ಡ್ ಡಿಸ್ಕ್‌ವರೆಗೆ: ಪಡಿಯಚ್ಚಿನ ಚರಿತ್ರೆ

ಗಜೇಂದ್ರಗಡದ ಸಮೀಪದ ಸೂಡಿ, ಬಹುಕಾಲದಿಂದ ರೋಣ ತಾಲ್ಲೂಕಿನ ಊರೆಂದೇ ಹೆಸರಾದದ್ದು. ಜೋಡುಕಳಸದ ಗುಡಿ, ನಾಗಕುಂಡ, ಚಾಲುಕ್ಯರ ಅಕ್ಕಾದೇವಿಯ ಕಾಲದ ಶಾಸನಗಳಿಂದಾಗಿ ಇತಿಹಾಸದ ಅಧ್ಯಾಪಕರಿಗೆ ಅದು ಪರಿಚಿತ. ಕಂಪ್ಯೂಟರ್ ಕಲಿಸುವವರೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂಬುದು ನನ್ನ ಅನಿಸಿಕೆ. ಹಾರ್ಡ್ ಡಿಸ್ಕ್‌ನ 'ಇಮೇಜ್' ಎಂದರೇನು ಎಂಬುದನ್ನು ಅಲ್ಲಿನ ಕಲ್ಲುಗಳ ಮುಂದೆ ನಿಂತು ವಿವರಿಸುವುದು ಸುಲಭ.

ಶಾಸನವನ್ನು ಎರಡು ರೀತಿಯಲ್ಲಿ ನಕಲು ಮಾಡಬಹುದು. ಮೊದಲನೆಯದು ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಳ್ಳುವುದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಹೀಗೆ 595 ಶಾಸನಗಳ ಪಾಠವನ್ನು ಸಂಗ್ರಹಿಸಿದರು. ದೊಡ್ಡ ಕೆಲಸವೇ. ಆದರೆ ನಕಲುಗಾರನಿಗೆ ತಿಳಿಯದ ಅಕ್ಷರ ತಪ್ಪಾಗುತ್ತದೆ, ಮುಕ್ಕಾದ ಜಾಗವನ್ನು ಅವನ ಊಹೆ ತುಂಬಿಬಿಡುತ್ತದೆ. ಎರಡನೆಯ ರೀತಿ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಯೊಳಗೆ ಇಳಿಯುವಂತೆ ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳು ಮೂಡುತ್ತವೆ. ಅಚ್ಚು ತೆಗೆಯುವವನಿಗೆ ಹಳಗನ್ನಡ ಬರಬೇಕೆಂದೇನೂ ಇಲ್ಲ. ಬಿರುಕು ಬಿರುಕಾಗಿಯೇ, ಮುಕ್ಕು ಮುಕ್ಕಾಗಿಯೇ ಬರುತ್ತದೆ.

ಸೂಡಿಯ ಶಾಸನಗಳನ್ನು ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಲುಗಳು ಸೂಡಿಯಲ್ಲಿದ್ದವು, ಓದಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರು. ನಡುವೆ ಇದ್ದದ್ದು ಕಾಗದದ ಪಡಿಯಚ್ಚು. ಅದೇ ಸೂಡಿಯಲ್ಲಿ ಸಿಕ್ಕ, ಗಂಗ ದೊರೆ ಬೂತುಗನ ಹೆಸರಿನ, ಶಕ 860ರ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನವೆಂದು ತೀರ್ಮಾನಿಸಿದರು. ಇಂಥ ತೀರ್ಮಾನಕ್ಕೆ ಅಕ್ಷರಗಳ ರೂಪವೇ ಮುಖ್ಯ ಸಾಕ್ಷಿ. ಕೈಬರಹದ ನಕಲಿನಲ್ಲಿ ಈ ಸಾಕ್ಷಿ ಉಳಿಯುವುದಿಲ್ಲ, ಅಚ್ಚಿನಲ್ಲಿ ಉಳಿಯುತ್ತದೆ.

ಈಗ ಡಿಸ್ಕ್‌ಗೆ ಬರೋಣ. ಹಾರ್ಡ್ ಡಿಸ್ಕ್‌ನ ಜಾಗವು ಸಾಮಾನ್ಯವಾಗಿ 512 ಬೈಟ್‌ಗಳ ಸೆಕ್ಟರ್‌ಗಳಾಗಿ ಹಂಚಿಕೆಯಾಗಿರುತ್ತದೆ. ಹೊಸ ಡಿಸ್ಕ್‌ಗಳಲ್ಲಿ ಇದು 4096 ಬೈಟ್ ಇರುವುದೂ ಉಂಟು. ಕಡತಗಳನ್ನು ಆರಿಸಿ ಬೇರೆಡೆಗೆ ನಕಲಿಸುವುದು ಎಲಿಯಟ್ಟರ ವಿಧಾನ. ಅದರಲ್ಲಿ ಕಡತದ ಪಾಠ ಬರುತ್ತದೆ. ಕಂಪ್ಯೂಟರ್ ಎದ್ದೇಳಲು ಬೇಕಾದ ಆರಂಭದ ಸೆಕ್ಟರ್, ಡಿಸ್ಕ್‌ನ ವಿಭಜನೆಯ ಪಟ್ಟಿ, ಅಳಿಸಿದ ಕಡತಗಳ ಅವಶೇಷ, ಇವು ಬರುವುದಿಲ್ಲ. ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ ಅರ್ಥ ಕೇಳದೆ ಎಲ್ಲವನ್ನೂ ಒಂದೇ ಕಡತವಾಗಿ ಎತ್ತಿಕೊಳ್ಳುವುದು ಇಮೇಜ್. ಅರ್ಥ ಕೇಳದಿರುವುದೇ ಅದರ ಬಲ. ವೈರಸ್ ಇದ್ದರೆ ಅದೂ ಯಥಾವತ್ತಾಗಿ ಬರುತ್ತದೆ ಎಂಬುದು ಅದರ ಇನ್ನೊಂದು ಮುಖ.

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಯುನಿಕ್ಸ್‌ನಲ್ಲಿ 'ಡಿಡಿ' ಎಂಬ ಪುಟ್ಟ ಆಜ್ಞೆ ಬಂತು. ಅದು ಒಂದು ಕಡೆಯಿಂದ ಓದಿ ಇನ್ನೊಂದು ಕಡೆ ಬರೆಯುತ್ತದೆ, ಅಷ್ಟೇ. ಲಿನಕ್ಸ್‌ನಲ್ಲಿ ಇಂದಿಗೂ ಅದೇ ಇದೆ. ಪರ್ಸನಲ್ ಕಂಪ್ಯೂಟರಿನಲ್ಲಿ ಮಾತ್ರ ಈ ಭಾಗ್ಯ ತಡವಾಗಿ ಒದಗಿತು. 1983ರ ಐಬಿಎಂ ಎಕ್ಸ್‌ಟಿಯ 10 ಮೆಗಾಬೈಟ್ ಡಿಸ್ಕ್ ತುಂಬಿದ್ದರೆ, ಅದರ ಪ್ರತಿಗೆ 360 ಕಿಲೋಬೈಟ್‌ನ ಫ್ಲಾಪಿಗಳು 30ರ ಸುಮಾರು ಬೇಕಾಗುತ್ತಿದ್ದವು. ನಡುವಿನ ಒಂದು ಫ್ಲಾಪಿ ಕೆಟ್ಟರೂ ಗತಿ ದೇವರೇ! 1990ರ ದಶಕದ ನಡುಭಾಗದಲ್ಲಿ ನ್ಯೂಜಿಲೆಂಡಿನ ಮರ್ರೆ ಹ್ಯಾಸರ್ಡ್ 'ಘೋಸ್ಟ್' ಎಂಬ ತಂತ್ರಾಂಶ ರೂಪಿಸಿದರು, 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಿತು. ಒಂದು ಕಂಪ್ಯೂಟರನ್ನು ಸಿದ್ಧಗೊಳಿಸಿ ಅದರ ಅಚ್ಚನ್ನು ಉಳಿದವಕ್ಕೆ ಒತ್ತುವ ರೂಢಿ ಪ್ರಯೋಗಾಲಯಗಳಲ್ಲಿ ಬೆಳೆದದ್ದು ಆಗ. ನಾರ್ಟನ್ ಘೋಸ್ಟ್ ಮಾರಾಟ 2013ರಲ್ಲಿ ನಿಂತಿತು. ಈಗ ಶಾಲೆಗಳಿಗೆ ತೈವಾನಿನಲ್ಲಿ ರೂಪುಗೊಂಡ, ಉಚಿತವಾದ 'ಕ್ಲೋನ್‌ಜಿಲ್ಲಾ' ಸಾಕು.

ಈ ಭಾಗದ ಒಂದು ಪ್ರೌಢಶಾಲೆಯಲ್ಲಿ ನಾನೇ ಮಾಡಿಕೊಂಡ ಅನಾಹುತವೊಂದನ್ನು ಹೇಳಬೇಕು. ಹಳೆಯ ಡಿಸ್ಕ್ ಕರಕರ ಸದ್ದು ಮಾಡುತ್ತಿತ್ತು. ಹೊಸದನ್ನು ಜೋಡಿಸಿ ನಕಲು ಶುರುಮಾಡಿದೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಪರದೆಯ ಮೇಲೆ ಮೂಲ ಯಾವುದು, ಗುರಿ ಯಾವುದು ಎಂದು ಕೇಳಿದಾಗ ಅದಲುಬದಲು ಮಾಡಿದೆ. ಖಾಲಿ ಡಿಸ್ಕ್‌ನ ಖಾಲಿತನ ಅಷ್ಟೂ ನಿಷ್ಠೆಯಿಂದ ಹಳೆಯದರ ಮೇಲೆ ಕೂತಿತು. ಮೂರು ವರ್ಷದ ಅಂಕಪಟ್ಟಿಗಳನ್ನು ಕಾಗದದಿಂದ ಮತ್ತೆ ಟೈಪ್ ಮಾಡಲು ಒಂದು ಬೇಸಿಗೆ ರಜೆ ಹೋಯಿತು. ಅಂದಿನಿಂದ ನಕಲಿಗೆ ಮುನ್ನ ಎರಡೂ ಡಿಸ್ಕ್‌ಗಳ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಪರದೆಯ ಮೇಲಿನದಕ್ಕೆ ತಾಳೆ ನೋಡಿಯೇ ಮುಂದುವರಿಯುತ್ತೇನೆ.

ನನ್ನದು ಅಂಕಪಟ್ಟಿ, ಕಾಗದದಲ್ಲಿ ಇತ್ತು. ಜಮೀನಿನ ದಾಖಲೆಯ ಮಾತು ಬೇರೆ. ನರಗುಂದದವರಿಗೆ ಅದರ ಬೆಲೆ ಹೇಳಿಕೊಡಬೇಕಿಲ್ಲ. 1980ರ ಜುಲೈ 21ರ ರೈತ ಬಂಡಾಯಕ್ಕೆ ಕಾರಣವೇ ಮಲಪ್ರಭಾ ಅಚ್ಚುಕಟ್ಟಿನ ಜಮೀನುಗಳ ಮೇಲೆ ಹೇರಿದ್ದ ಅಭಿವೃದ್ಧಿ ಕರ. ಆಗ ಉತಾರ ತಲಾಟಿಯ ಕೈಬರಹದಲ್ಲಿತ್ತು. 2000ದ ಆಚೀಚೆ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ವಿವರ, ಕಂಪ್ಯೂಟರ್ ಸೇರಿದವು. ರೋಣ, ನರಗುಂದ ತಾಲ್ಲೂಕು ಕಚೇರಿಗಳಲ್ಲೂ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. 2018ರಲ್ಲಿ ಹೊಸ ತಾಲ್ಲೂಕಾಗುವವರೆಗೆ ಗಜೇಂದ್ರಗಡದವರ ತಾಲ್ಲೂಕು ಕಚೇರಿಯೂ ರೋಣವೇ. ಗಣಕೀಕರಣ ಮುಗಿದಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಾಯಿತು. ಮೊದಲ ವರ್ಷಗಳಲ್ಲಿ ದತ್ತಾಂಶ ಇರುತ್ತಿದ್ದದ್ದು ಆಯಾ ತಾಲ್ಲೂಕಿನ ಸರ್ವರ್‌ನಲ್ಲೇ. ಅಂದರೆ ಒಂದು ತಾಲ್ಲೂಕಿನ ರೈತರ ಹಕ್ಕೆಲ್ಲ ಕೆಲವು ತಿರುಗುವ ತಟ್ಟೆಗಳ ಮೇಲೆ.

ಇಂಥ ಯಂತ್ರಕ್ಕೆ ಇಮೇಜ್ ಒಂದೇ ಸಾಲದು. ಡಿಸ್ಕ್ ಸುಟ್ಟರೆ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ, ಹೊಂದಾಣಿಕೆಗಳನ್ನೆಲ್ಲ ಮತ್ತೆ ಕೂರಿಸಲು ದಿನಗಳೇ ಬೇಕು, ಇಮೇಜ್ ಇದ್ದರೆ ಗಂಟೆಗಳು. ಆದರೆ ಪಹಣಿಯಲ್ಲಿ ದಿನವೂ ಹಕ್ಕು ಬದಲಾವಣೆ ಆಗುತ್ತಿರುತ್ತದೆ. ಕಳೆದ ತಿಂಗಳ ಇಮೇಜನ್ನು ಮರಳಿ ಹಾಕಿದರೆ ನಿನ್ನೆ ಮಗನ ಹೆಸರಿಗೆ ಬಂದ ಹೊಲ ಮತ್ತೆ ತೀರಿಹೋದ ತಂದೆಯ ಹೆಸರಿಗೆ ಹೋಗುತ್ತದೆ! ಆದ್ದರಿಂದ ಯಂತ್ರಕ್ಕೆ ಆಗಾಗ ಇಮೇಜ್, ದತ್ತಾಂಶಕ್ಕೆ ದಿನದಿನದ ಪ್ರತಿ. ಕೆಲಸ ನಡೆಯುತ್ತಿರುವಾಗಲೇ ಅಚ್ಚು ತೆಗೆಯುವುದೂ ಕಷ್ಟ. ನಕಲು ಶುರುವಾದಾಗ ಒಂದು ಸ್ಥಿತಿ, ಮುಗಿಯುವಾಗ ಇನ್ನೊಂದು. ನಡುವೆ ಬದಲಾದ ದಾಖಲೆ ಅರ್ಧ ಹಳೆಯದು, ಅರ್ಧ ಹೊಸದಾಗಬಹುದು. ಒಂದು ಕ್ಷಣದ ಸ್ಥಿತಿಯನ್ನು ಹಿಡಿದು ನಿಲ್ಲಿಸುವ ಸೌಲಭ್ಯವನ್ನು ವಿಂಡೋಸ್ ಕೊಟ್ಟದ್ದು ಎಕ್ಸ್‌ಪಿ, 2003ರ ಸರ್ವರ್‌ಗಳ ಕಾಲಕ್ಕೆ. ಇನ್ನು ಪ್ರತಿಯನ್ನು ಅದೇ ಕೋಣೆಯ ಕಪಾಟಿನಲ್ಲಿಟ್ಟರೆ ಬೆಂಕಿಗೆ ಎರಡೂ ಒಂದೇ.

ಅಚ್ಚು ಮೂಲಕ್ಕೆ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಶಾಸನತಜ್ಞರು ಕಲ್ಲಿನ ಮುಂದೆ ಹಿಡಿದು ನೋಡುತ್ತಾರೆ. ಡಿಸ್ಕ್‌ನಲ್ಲಾದರೆ ಇಡೀ ದತ್ತಾಂಶವನ್ನು ಗಣಿತಸೂತ್ರವೊಂದರ ಮೂಲಕ ಹಾಯಿಸಿ ಗುರುತಿನ ಸಂಖ್ಯೆ ಪಡೆಯುತ್ತೇವೆ, ಇದೇ 'ಹ್ಯಾಷ್'. ಒಂದು ಬಿಟ್ ಬದಲಾದರೂ ಸಂಖ್ಯೆ ಪೂರಾ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಷ್ ನಮೂದಿಸಬೇಕು. ಶಾಲೆಯಲ್ಲಿ ಇದನ್ನು ತೋರಿಸಲು ಹಳೆಯ ಪೆನ್‌ಡ್ರೈವ್ ಸಾಕು. ಕಡತವೊಂದನ್ನು ಹಾಕಿ, ಅಳಿಸಿ, ಡ್ರೈವಿನ ಇಮೇಜ್ ತೆಗೆದು ಹ್ಯಾಷ್ ಬರೆದಿಟ್ಟುಕೊಳ್ಳಿ. ಆಮೇಲೆ ಆ ಇಮೇಜಿನೊಳಗೆ ಅಳಿಸಿದ ಕಡತವನ್ನು ವಿದ್ಯಾರ್ಥಿಗಳೇ ಹುಡುಕಲಿ.