ಕುಶಲ ಕಾಯಕವೂ ರಾಜ್ಯದ ಪರವಾನಗಿಯೂ

ಮಡಕೆಯನ್ನು ಕೊಳ್ಳುವವನು ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ ಕೊಳ್ಳುತ್ತಾನೆ. ಸೀರೆಯನ್ನು ಕೊಳ್ಳುವವಳು ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆಯ ಬಿಗಿಯನ್ನು ಪರೀಕ್ಷಿಸುತ್ತಾಳೆ. ಇಂಥ ಕಸುಬುಗಳಲ್ಲಿ ಕೊಳ್ಳುವವರೇ ಪರೀಕ್ಷಕರು. ಆದರೆ ಗೋಡೆಯೊಳಗೆ ಹುದುಗಿ ಗಾರೆಯಿಂದ ಮುಚ್ಚಿಹೋದ ವಿದ್ಯುತ್ ತಂತಿಯ ಗುಣದೋಷವನ್ನು ಮನೆಯ ಯಜಮಾನನು ಹೇಗೆ ಅರಿತಾನು? ಅರಿಯುವ ಹೊತ್ತಿಗೆ ಅನಾಹುತವು ಸಂಭವಿಸಿರುತ್ತದೆ. ಅದು ಆತನ ಮನೆಗಷ್ಟೇ ಸೀಮಿತವಾಗಿ ಉಳಿಯುವುದೂ ಇಲ್ಲ. ಆದುದರಿಂದಲೇ ಕೆಲವು ಕಸುಬುಗಳ ವಿಷಯದಲ್ಲಿ ಕೆಲಸಗಾರನ ಕೈಯನ್ನು ಮೊದಲೇ ಪರೀಕ್ಷಿಸಿ ಅಪ್ಪಣೆ ಕೊಡುವ ಭಾರವನ್ನು ರಾಜ್ಯವು ವಹಿಸಿಕೊಂಡಿದೆ. ಈ ಅಪ್ಪಣೆಯನ್ನೇ ನಾವು ಪರವಾನಗಿ ಅಥವಾ ಲೈಸೆನ್ಸ್ ಎನ್ನುತ್ತೇವೆ.

ಕೆಲವು ತಿಂಗಳುಗಳ ಹಿಂದೆ ಬೆಂಗಳೂರಿನ ಬನಶಂಕರಿಯಲ್ಲಿ ಭಕ್ತರೊಬ್ಬರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಪ್ರಸಾದದ ತರುವಾಯ ಆ ಮನೆಗೆ ದುಡಿದ ಗಾರೆಯವರು, ಬಡಗಿಗಳು ಮೊದಲಾದವರಿಗೆ ಗೃಹಸ್ಥರು ವಸ್ತ್ರವಿತ್ತು ಸತ್ಕರಿಸಿದರು. ಅವರಲ್ಲಿ ವಯಸ್ಸಾದ ವೈರಿಂಗ್ ಕೆಲಸದವರೊಬ್ಬರು ನಮಸ್ಕರಿಸಿ, "ಬುದ್ಧಿ, ಈ ಮನೆಯ ಅಷ್ಟೂ ವೈರಿಂಗು ನನ್ನ ಕೈಯಿಂದಲೇ ಆದದ್ದು. ಕಾಗದದ ಮೇಲೆ ಮಾತ್ರ ನನ್ನ ಹೆಸರಿಲ್ಲ" ಎಂದರು. ಮೂವತ್ತು ವರ್ಷಗಳಿಂದ ಅದೇ ಕೆಲಸವಂತೆ. ಓದು ಐದನೆಯ ತರಗತಿಗೆ ನಿಂತುಹೋಗಿತ್ತು. ಅರ್ಜಿ, ಪರೀಕ್ಷೆ ಎಂದರೆ ಅಂಜಿಕೆಯಾಗಿ ಪರ್ಮಿಟ್ಟಿನ ಗೊಡವೆಗೆ ಹೋಗಿರಲಿಲ್ಲ. ಕೆಲಸವು ಮುಗಿದಾಗ ಪರವಾನಗಿಯುಳ್ಳ ಇನ್ನೊಬ್ಬರು ಸಹಿ ಮಾಡಿಕೊಟ್ಟಿದ್ದರು. ಮನೆಯ ಯಜಮಾನರು ಇದನ್ನು ಕೇಳಿ ತಲೆ ತಗ್ಗಿಸಿದರು. ಕೆಲಸ ಮಾಡಿದವನಿಗೆ ಪರವಾನಗಿಯಿಲ್ಲ, ಪರವಾನಗಿಯುಳ್ಳವನು ಕೆಲಸ ಮಾಡಿಲ್ಲ. ಇದು ಹೇಗೆ ಒದಗಿತೆಂಬುದನ್ನು ತಿಳಿಯಲು ಚರಿತ್ರೆಯ ಪುಟಗಳನ್ನು ತಿರುವಬೇಕಾಗುತ್ತದೆ.

ಕುಶಲಕರ್ಮಿಗಳ ಮೇಲೆ ಅರಸರ ಕಣ್ಣು ಬಹು ಪ್ರಾಚೀನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ಸಾಕ್ಷಿ. ಅದರ ನಾಲ್ಕನೆಯ ಅಧಿಕರಣಕ್ಕೆ 'ಕಂಟಕಶೋಧನ', ಅಂದರೆ ಸಮಾಜದ ಮುಳ್ಳುಗಳನ್ನು ಕೀಳುವುದು, ಎಂದು ಹೆಸರು. ಆ ಅಧಿಕರಣದ ಮೊದಲನೆಯ ವಿಷಯವೇ 'ಕಾರುಕರಕ್ಷಣ'. ಕುಶಲಕರ್ಮಿಗಳ ರಕ್ಷಣೆಯೆಂದು ಆ ಪದಕ್ಕೆ ಅರ್ಥ ಮಾಡಬಹುದಾದರೂ, ಒಳಗಿರುವ ವಿಧಿಗಳನ್ನು ನೋಡಿದರೆ ಅದು ಬಹುಮಟ್ಟಿಗೆ ಕುಶಲಕರ್ಮಿಗಳಿಂದ ಜನರ ರಕ್ಷಣೆಯೇ ಆಗಿದೆ. ನೂಲಿನ ತೂಕವನ್ನು ಕಡಿಮೆ ಮಾಡಿದ ನೇಕಾರನಿಗೂ, ಗಿರಾಕಿಯ ಬಟ್ಟೆಯನ್ನು ತಾನೇ ಉಟ್ಟ ಅಗಸನಿಗೂ, ಸಂಶಯಾಸ್ಪದರ ಕೈಯಿಂದ ಚಿನ್ನವನ್ನು ಕೊಂಡ ಅಕ್ಕಸಾಲಿಗನಿಗೂ ಅಲ್ಲಿ ದಂಡವುಂಟು. ಪ್ರಾಣಾಪಾಯವುಳ್ಳ ರೋಗವನ್ನು ಅಧಿಕಾರಿಗಳಿಗೆ ತಿಳಿಸದೆ ಚಿಕಿತ್ಸೆ ಮಾಡಿ ರೋಗಿಯು ಸತ್ತರೆ ವೈದ್ಯನೂ ದಂಡಕ್ಕೆ ಗುರಿ. ಇದರೊಡನೆ ಕೌಟಿಲ್ಯನು ಇನ್ನೊಂದು ಮುಖ್ಯವಾದ ಮಾತನ್ನು ಹೇಳಿದ್ದಾನೆ: ಶ್ರೇಣಿಯ ಹೊಣೆಗಾರಿಕೆಯುಳ್ಳ ಕರ್ಮಿಗಳು ಗಿರಾಕಿಗಳ ವಸ್ತುವನ್ನು ತೆಗೆದುಕೊಳ್ಳಬಹುದು, ಕರ್ಮಿಗೆ ವಿಪತ್ತು ಒದಗಿದರೆ ಆ ವಸ್ತುವಿನ ಹೊಣೆಯನ್ನು ಶ್ರೇಣಿಯೇ ಹೊರಬೇಕು.

ಕೌಟಿಲ್ಯನ ದಂಡವು ತಪ್ಪು ನಡೆದ ಮೇಲೆ ಬರುವಂಥದು. ಕೆಲಸಕ್ಕೆ ಮೊದಲೇ ಅಪ್ಪಣೆ ಪಡೆಯುವ ಪದ್ಧತಿಯನ್ನು ನಾವು ಆಯುರ್ವೇದದಲ್ಲಿ ಕಾಣುತ್ತೇವೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ವೈದ್ಯನು ವೃತ್ತಿಗಿಳಿಯುವ ಕ್ರಮವನ್ನು ಹೇಳುತ್ತದೆ. ಶಾಸ್ತ್ರವನ್ನು ಓದಿ, ಅದರ ಅರ್ಥವನ್ನು ಮನನ ಮಾಡಿ, ಗುರುವು ಮಾಡುವ ಕರ್ಮವನ್ನು ಕಣ್ಣಾರೆ ಕಂಡು, ಸ್ವತಃ ಕೈಯಿಂದ ಅಭ್ಯಾಸ ಮಾಡಿ, ಅನಂತರ ಅರಸನ ಅನುಜ್ಞೆಯನ್ನು ಪಡೆದವನೇ ಚಿಕಿತ್ಸೆಗೆ ಹೊರಡತಕ್ಕವನು. ಕುವೈದ್ಯನು ಲೋಭದಿಂದ ಜನರನ್ನು ಕೊಲ್ಲುವಂತಾಗುವುದು ಅರಸನ ದೋಷದಿಂದಲೇ ಎಂಬ ಅಭಿಪ್ರಾಯವೂ ಅದೇ ಗ್ರಂಥದಲ್ಲಿದೆ. ಎಂದರೆ ಪರೀಕ್ಷಿಸುವ ಅಧಿಕಾರವುಳ್ಳವನು ಪರೀಕ್ಷಿಸದೆ ಬಿಟ್ಟರೆ ಅದರ ಪಾಪದಲ್ಲಿ ಅವನೂ ಭಾಗಿ. ಈ ಎರಡು ಮಾತುಗಳಲ್ಲಿ ಪರವಾನಗಿಯ ತತ್ತ್ವವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಬನಶಂಕರಿ ಬಡಾವಣೆಗೆ ಹೆಸರಿತ್ತ ದೇವಿಯ ಮೂಲಸ್ಥಾನ ಬಾದಾಮಿ. ಬಾದಾಮಿಗೆ ಸಮೀಪದ ಪಟ್ಟದಕಲ್ಲಿನಲ್ಲಿ, ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವಿದೆ. ಅದರ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದೂ 'ಪೆರ್ಜೆರೆಪು' ಎಂಬ ಪಟ್ಟವೂ ದೊರೆತುದನ್ನು ಅಲ್ಲಿಯ ಶಾಸನವು ಸಾರುತ್ತದೆ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಕೆಲಸ ಯಾರದೋ ಹೆಸರೂ ಅವರದೇ. ಒಳ್ಳೆಯದಾದರೆ ಕೀರ್ತಿಯೂ ಕೆಟ್ಟರೆ ನಿಂದೆಯೂ ಅವರಿಗೇ ಸಲ್ಲತಕ್ಕುದು. ಆ ಕಾಲದಲ್ಲಿ ವರ್ತಕರಿಗೆ ಅಯ್ಯಾವೊಳೆಯ ಐನೂರ್ವರ ಸಂಘವಿದ್ದಂತೆ ಎಣ್ಣೆ ತೆಗೆಯುವ ತೆಲ್ಲಿಗರಿಗೂ ಸಂಘಟನೆಗಳಿದ್ದುವು. ಕಸುಬಿನ ಮರ್ಮವನ್ನು ಬಲ್ಲವರೇ ಕಸುಬಿನ ಕಟ್ಟಳೆಗಳನ್ನು ಕಾಯುತ್ತಿದ್ದುದು ಈ ವ್ಯವಸ್ಥೆಯ ಗುಣ. ತಂದೆಯ ಕಸುಬೇ ಮಗನಿಗೆ, ಹೊರಗಿನವನಿಗೆ ಬಾಗಿಲಿಲ್ಲ ಎಂಬುದು ಅದರ ದೋಷ. ಅಲ್ಲಿ ಹುಟ್ಟೇ ಪರವಾನಗಿಯಾಗಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಗೋಡೆಗೇ ಕೈ ಹಾಕಿದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ ಇವರೆಲ್ಲರ ಹೆಸರುಗಳಲ್ಲಿ ಕಾಯಕವು ಗುರುತಾಗಿ ಉಳಿಯಿತು, ಮೇಲುಕೀಳಿನ ಅಳತೆಗೋಲಾಗಿ ಉಳಿಯಲಿಲ್ಲ. ಕಾಶ್ಮೀರದ ಅರಸೊಬ್ಬನು ರಾಜ್ಯವನ್ನು ತೊರೆದು ಬಂದು, ಸೌದೆ ಮಾರುವ ಕಾಯಕವನ್ನು ಹಿಡಿದು ಮೋಳಿಗೆಯ ಮಾರಯ್ಯನಾದನೆಂದು ಸಂಪ್ರದಾಯವು ಹೇಳುತ್ತದೆ. ಇದರ ಭಾವವು ಸ್ಪಷ್ಟ. ಕಾಯಕವು ಹುಟ್ಟಿನಿಂದ ಅಂಟಿಕೊಳ್ಳುವುದಲ್ಲ, ಮನುಷ್ಯನು ಆರಿಸಿಕೊಂಡು ಕಲಿತು ಸತ್ಯಶುದ್ಧವಾಗಿ ನಡೆಸುವಂಥದು. ಹುಟ್ಟಿನ ಪರವಾನಗಿಯನ್ನು ಶರಣರು ತಳ್ಳಿಹಾಕಿದರೇ ಹೊರತು ಯೋಗ್ಯತೆಯ ಪರೀಕ್ಷೆಯನ್ನಲ್ಲ. ಈ ಭೇದವನ್ನು ಮರೆಯಲಾಗದು.

ತರುವಾಯದ ಶತಮಾನಗಳಲ್ಲಿ ಅರಸರಿಗೂ ಕಸುಬುದಾರರಿಗೂ ಇದ್ದ ಸಂಬಂಧವು ಬಹುಮಟ್ಟಿಗೆ ತೆರಿಗೆಯ ಸಂಬಂಧವೇ ಆಯಿತು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ಕೊಂಡೋಜನೆಂಬ ಕ್ಷೌರಿಕನು ರಾಮರಾಯನ ಮೆಚ್ಚುಗೆಯನ್ನು ಪಡೆದು, ತನ್ನ ಕಸುಬಿನವರೆಲ್ಲರ ಮೇಲಿದ್ದ ತೆರಿಗೆ, ಬಿಟ್ಟಿ ಮೊದಲಾದವುಗಳನ್ನು ಬಿಡಿಸಿದನೆಂದು ಹಲವು ಶಾಸನಗಳು ಹೇಳುತ್ತವೆ. ತನಗೊಬ್ಬನಿಗೇ ಉಂಬಳಿಯನ್ನು ಬೇಡದೆ ಕಸುಬಿಗೇ ಬಿಡುಗಡೆಯನ್ನು ಬೇಡಿದ ಆ ಮಹಾನುಭಾವನು ನಿತ್ಯಸ್ಮರಣೀಯನು. ಹಿಂದಿನ ಮೈಸೂರು ಸಂಸ್ಥಾನದಲ್ಲಿಯೂ ಮಗ್ಗ, ಗಾಣ, ಅಂಗಡಿಗಳ ಮೇಲೆ 'ಮೊಹತರ್ಫಾ' ಎಂಬ ತೆರಿಗೆಯಿತ್ತು. ಕಸುಬುದಾರನು ಹಣ ಕೊಟ್ಟನೇ ಎಂಬುದನ್ನು ಸರ್ಕಾರವು ನೋಡುತ್ತಿತ್ತೇ ಹೊರತು ಕೆಲಸ ಬಲ್ಲನೇ ಎಂಬುದನ್ನಲ್ಲ.

ಈ ದೃಷ್ಟಿಯನ್ನು ಬದಲಿಸಿದ್ದು ಯಂತ್ರಯುಗ, ಅದರಲ್ಲಿಯೂ ವಿದ್ಯುಚ್ಛಕ್ತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರುಗಳ ದೂರ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಈ ಹೊಸ ಕಸುಬಿಗೆ ಕುಲವೂ ಇರಲಿಲ್ಲ, ಶ್ರೇಣಿಯೂ ಇರಲಿಲ್ಲ. ಕಲಿಸಲು ತಂದೆಯೂ ಇಲ್ಲ, ತಪ್ಪಿದರೆ ಕೇಳಲು ಪಂಚರೂ ಇಲ್ಲ. ಬಡಗಿಯ ಮಗನೂ ಒಕ್ಕಲಿಗನ ಮಗನೂ ಒಂದೇ ಏಣಿಯನ್ನು ಹತ್ತಿ ತಂತಿಯನ್ನು ಎಳೆದರು. ಶರಣರು ಬಯಸಿದ, ಹುಟ್ಟಿನ ಹಂಗಿಲ್ಲದ ಕಾಯಕವು ಇಲ್ಲಿ ತಾನಾಗಿಯೇ ಒದಗಿಬಂದಿತು. ಆದರೆ ಅಪಾಯವು ಎಲ್ಲ ಹಳೆಯ ಕಸುಬುಗಳಿಗಿಂತಲೂ ಹೆಚ್ಚಿನದು. ಹೀಗಿರಲಾಗಿ ಶ್ರೇಣಿಯ ಸ್ಥಾನದಲ್ಲಿ ರಾಜ್ಯವೇ ನಿಲ್ಲಬೇಕಾಯಿತು.

ಸ್ವತಂತ್ರ ಭಾರತದ ಸಂವಿಧಾನವು 19ನೆಯ ಅನುಚ್ಛೇದದಲ್ಲಿ ಯಾವುದೇ ವೃತ್ತಿಯನ್ನು ಕೈಗೊಳ್ಳುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿತು. ಅದೇ ಅನುಚ್ಛೇದದ 6ನೆಯ ಖಂಡದಲ್ಲಿ, ವೃತ್ತಿಗೆ ಅಗತ್ಯವಾದ ತಾಂತ್ರಿಕ ಅರ್ಹತೆಗಳನ್ನು ಕಾನೂನಿನಿಂದ ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿತು. ಹುಟ್ಟಿನ ಬಾಗಿಲನ್ನು ತೆರೆದು, ಯೋಗ್ಯತೆಯ ಹೊಸ್ತಿಲನ್ನು ಇರಿಸಿದಂತಾಯಿತು. ತರುವಾಯ ಬಂದ 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ಮೂರು ಹಂತಗಳ ಹೊಣೆಯನ್ನು ವಿಧಿಸಿತು. ದೀಪ, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನು ವಹಿಸಿಕೊಳ್ಳಬೇಕು. ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನು ಎದುರಿಗಿದ್ದು ನೋಡಿಕೊಳ್ಳಬೇಕು. ಪರ್ಮಿಟ್ ಇರುವ ಕೆಲಸಗಾರನೇ ಕೈಯಿಡಬೇಕು. ಈ ನಿಯಮವನ್ನು ಮೀರಿ ಆದ ವೈರಿಂಗಿಗೆ ವಿದ್ಯುತ್ ಸಂಪರ್ಕವನ್ನು ಕೊಡಲಾಗದು. 2003ರ ವಿದ್ಯುತ್ ಕಾಯಿದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ 2023ರಲ್ಲಿಯೂ ಹೊರಡಿಸಿದ ಸುರಕ್ಷತಾ ನಿಬಂಧನೆಗಳಲ್ಲಿ ಈ ವ್ಯವಸ್ಥೆಯೇ ಮುಂದುವರಿದಿದೆ. ನಮ್ಮ ರಾಜ್ಯದಲ್ಲಿ ಇದರ ಉಸ್ತುವಾರಿಯು ವಿದ್ಯುತ್ ಪರಿವೀಕ್ಷಣಾಲಯದ್ದು.

ನಿಯಮದಲ್ಲಿ ದೋಷವಿದೆಯೆಂದು ನಾವು ಹೇಳಲಾರೆವು. ಕಲಿತು, ಕಂಡು, ಮಾಡಿ, ಅಪ್ಪಣೆ ಪಡೆಯಬೇಕೆಂಬ ಸುಶ್ರುತನ ಕ್ರಮವೇ ಇಲ್ಲಿಯೂ ಇದೆ. ದೋಷವಿರುವುದು ನಡೆವಳಿಯಲ್ಲಿ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕಾಲದಿಂದಲೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರದ ಕಾಲದಲ್ಲಿಯೂ ಬೆಂಗಳೂರಿನ ದಕ್ಷಿಣದ ಹೊಲಗದ್ದೆಗಳು ಬಡಾವಣೆಗಳಾದುವು. ಬನಶಂಕರಿಯು ಒಂದೊಂದೇ ಹಂತವಾಗಿ ಬೆಳೆಯಿತು. ಮನೆಗಳು ಏರಿದ ವೇಗಕ್ಕೆ ಸರಿಯಾಗಿ ಪರ್ಮಿಟ್ಟುಳ್ಳ ಕೈಗಳು ಹೆಚ್ಚದೆ ಹೋದಾಗ, ಕೆಲಸವನ್ನು ಒಬ್ಬರಿಂದ ಮಾಡಿಸಿ ಸಹಿಯನ್ನು ಇನ್ನೊಬ್ಬರಿಂದ ಪಡೆಯುವ ಪರಿಪಾಠಕ್ಕೆ ಎಡೆಯಾಯಿತು. ಬೇಲೂರಿನ ಶಿಲ್ಪಿಯು ತಾನು ಕಡೆದುದರ ಅಡಿಯಲ್ಲಿ ತನ್ನ ಹೆಸರನ್ನು ಕೆತ್ತಿದನು. ಇಲ್ಲಿ ತಾನು ಎಳೆಯದ ತಂತಿಗೆ ಸಹಿ ಹಾಕುವುದುಂಟು. ಇಂಥ ಸಹಿಯು ಗೃಹಸ್ಥನನ್ನು ಕಾಯುವುದಿಲ್ಲ. ದುಡಿದವನಿಗೆ ಗೌರವವನ್ನೂ ತರುವುದಿಲ್ಲ. ನಾಳೆ ಅವಘಡವಾದರೆ ಹೊಣೆಯು ಯಾರದೆಂದು ಹುಡುಕಬೇಕಾಗುತ್ತದೆ.

ಹಾಗೆಂದು ಮೂವತ್ತು ವರ್ಷಗಳ ಅನುಭವವೇ ಸಾಕು, ಪರೀಕ್ಷೆಯೇಕೆ ಎನ್ನುವುದೂ ಸರಿಯಲ್ಲ. ಮೂವತ್ತು ವರ್ಷ ಒಂದೇ ತಪ್ಪನ್ನು ಮಾಡುತ್ತ ಬಂದಿರುವುದೂ ಸಾಧ್ಯ. ಅರ್ಥಿಂಗನ್ನು ಸರಿಯಾಗಿ ಕೊಡದ ಮನೆಯಲ್ಲಿ ದೀಪವೇನೋ ಉರಿಯುತ್ತದೆ. ಕೊರತೆಯು ತಿಳಿಯುವುದು ಒದ್ದೆ ಕೈಯಿಂದ ಮಗುವೊಂದು ಯಂತ್ರವನ್ನು ಮುಟ್ಟಿದ ದಿನ. ಪರೀಕ್ಷೆಯು ಬೇಕೇ ಬೇಕು. ಆದರೆ ಪರೀಕ್ಷಿಸಬೇಕಾದುದು ಕೈಯ ಕುಶಲತೆಯನ್ನೂ ಅಪಾಯದ ಅರಿವನ್ನೂ. ಅರ್ಜಿ ತುಂಬುವ ಜಾಣ್ಮೆ, ಇಂಗ್ಲಿಷಿನ ಅಕ್ಷರ, ಮಧ್ಯವರ್ತಿಯ ಪರಿಚಯ ಇವುಗಳೇ ಬಾಗಿಲು ಕಾಯತೊಡಗಿದರೆ, ಶರಣರು ಕೆಡವಿದ ಗೋಡೆಯು ಇನ್ನೊಂದು ಹೆಸರಿನಲ್ಲಿ ಎದ್ದು ನಿಂತಂತೆಯೇ ಸರಿ.

ಈ ದಿಕ್ಕಿನಲ್ಲಿ ಸರ್ಕಾರಗಳು ಕೆಲವು ಹೆಜ್ಜೆಗಳನ್ನು ಇಟ್ಟಿವೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಮೂಲವಾದ ಕುಶಲಕರ್ಮಿ ತರಬೇತಿ ಯೋಜನೆಯು 1950ರಲ್ಲಿಯೂ, ಅಪ್ರೆಂಟಿಸ್ ಕಾಯಿದೆಯು 1961ರಲ್ಲಿಯೂ ಬಂದುವು. ಶಾಲೆಯ ಹೊರಗೆ ಕಲಿತ ಕುಶಲತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯು 2015ರ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ, ಕ್ಷೌರಿಕ ಮೊದಲಾದ 18 ಕಸುಬುಗಳವರಿಗೆ ಗುರುತಿನ ಚೀಟಿ, ತರಬೇತಿ, ಸಾಲಗಳನ್ನು ಒದಗಿಸುತ್ತದೆ. ಹಿಂದೆ ತೆರಿಗೆ ತೆತ್ತ ಕಸುಬುಗಳಿಗೆ ಇಂದು ರಾಜ್ಯವೇ ನೆರವು ನೀಡುವಂತಾದುದು ಸಂತೋಷದ ಸಂಗತಿ. ಆದರೆ ವೈರಿಂಗ್ ಕೆಲಸವು ಆ ಹದಿನೆಂಟರಲ್ಲಿ ಇಲ್ಲ. ಅಲ್ಲಿ ಪರ್ಮಿಟ್ಟೇ ಪ್ರಮಾಣ. ಆದುದರಿಂದ ಅನುಭವಿಗಳಾದ ಹಳೆಯ ಕೆಲಸಗಾರರ ಬಳಿಗೆ ಪರೀಕ್ಷೆಯನ್ನೇ ಕೊಂಡೊಯ್ಯಬೇಕು. ಅದು ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಕೆಲಸವನ್ನು ಕಣ್ಣೆದುರಿಗೆ ಮಾಡಿಸಿ ನಡೆಯಬೇಕು. ಕೆಲಸವು ಮುಗಿದ ವರದಿಯಲ್ಲಿ ಗುತ್ತಿಗೆದಾರನ ಸಹಿಯೊಡನೆ ತಂತಿ ಎಳೆದವನ ಹೆಸರೂ ಪರ್ಮಿಟ್ ಸಂಖ್ಯೆಯೂ ತಪ್ಪದೆ ಇರಬೇಕು. ನೋಡದೆ ಒಪ್ಪಿಗೆಯಿತ್ತ ಅಧಿಕಾರಿಯೂ ಉತ್ತರ ಕೊಡುವಂತಾಗಬೇಕು.

ಗೃಹಸ್ಥರಿಗೂ ಒಂದು ಮಾತು. ಮನೆ ಕಟ್ಟಿಸುವವರು ವಾಸ್ತು ಕೇಳುತ್ತಾರೆ, ಮುಹೂರ್ತ ಕೇಳುತ್ತಾರೆ; ತಂತಿ ಎಳೆಯುವವರ ಬಳಿ ಪರ್ಮಿಟ್ ಇದೆಯೇ ಎಂದು ಕೇಳುವವರು ವಿರಳ. ನಾಲ್ಕು ಕಾಸು ಉಳಿಯಿತೆಂದು ಕಣ್ಣು ಮುಚ್ಚುವವರೂ ಆ ತಪ್ಪಿನಲ್ಲಿ ಪಾಲುದಾರರು.

ಅಂದು ಬನಶಂಕರಿಯ ಆ ಮನೆಯಲ್ಲಿ ನಾವು ಆ ಹಿರಿಯರಿಗೆ, "ನಿಮ್ಮ ಹೆಸರು ಕಾಗದದ ಮೇಲೂ ಬರಲಪ್ಪ, ಪರೀಕ್ಷೆಗೆ ಕುಳಿತುಕೊಳ್ಳಿ" ಎಂದೆವು. "ಈ ವಯಸ್ಸಿನಲ್ಲಿ ನಪಾಸಾದರೆ ನಾಚಿಕೆ, ಬುದ್ಧಿ" ಎಂದರು ಅವರು. ಅರ್ಜಿ ಬರೆದುಕೊಡುವ, ಪುಸ್ತಕವನ್ನು ಓದಿ ಹೇಳುವ ಹೊಣೆಯನ್ನು ಆ ಮನೆಯ ಯಜಮಾನರ ಮಗನು ಹೊತ್ತಿದ್ದಾನೆ. ಸತ್ಯವಾಗಿ ಮಾಡಿದ ಕಾಯಕಕ್ಕೆ ಪರೀಕ್ಷೆಯ ಭಯವಿರಬಾರದು. ಹಾಗೆಯೇ, ಅಂಥ ಕಾಯಕವು ಬಾಗಿಲಿನ ಹೊರಗೆ ನಿಲ್ಲದಂತೆ ನೋಡಿಕೊಳ್ಳುವುದು ಪರೀಕ್ಷಿಸುವ ರಾಜ್ಯದ ಧರ್ಮ.